ಸಿಪಿಯು ಗ್ರಾಫ್ ಕಡಿಮೆ ಇದ್ದೂ ಪಾಡ್ ನಿಧಾನವೇ? ಥ್ರಾಟ್ಲಿಂಗ್ ನೋಡಿ

ಮಂಗಳೂರು, ಮಣಿಪಾಲ ಕಡೆ ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ನೋಡಿಕೊಳ್ಳುವ ಗೆಳೆಯರೇ, ಪಾಡ್, ಅಂದ್ರೆ ಒಂದೋ ಹಲವೋ ಕಂಟೇನರ್‌ಗಳು ಒಟ್ಟಿಗೆ ಓಡುವ ಘಟಕ, ನಿಧಾನ ಆದಾಗ ಸಿಪಿಯು ಬಳಕೆಯ ಗ್ರಾಫ್ ಒಂದನ್ನೇ ನಂಬಬೇಡಿ. ಥ್ರಾಟ್ಲಿಂಗ್ ಅಂದ್ರೆ ಲಿಮಿಟ್ (ಸಿಪಿಯು ಬಳಕೆಗೆ ನಾವು ಹಾಕುವ ಮಿತಿ) ಮುಗಿದ ಕೂಡಲೇ ಕರ್ನೆಲ್ ಕಂಟೇನರನ್ನು ತಡೆಯುವುದು. ಮೆಟ್ರಿಕ್ ಸಂಗ್ರಹಿಸುವ ಪ್ರೊಮೀಥಿಯಸ್‌ನಲ್ಲಿ ಥ್ರಾಟಲ್ಡ್ ಪೀರಿಯಡ್ಸ್‌ನ (ಹೀಗೆ ತಡೆದ ಅವಧಿಗಳು) ರೇಟನ್ನು ಒಟ್ಟು ಸಿಎಫ್‌ಎಸ್ ಪೀರಿಯಡ್ಸ್‌ನ (ಕರ್ನೆಲ್ ಲಿಮಿಟ್ ಲೆಕ್ಕ ಹಾಕುವ ಅವಧಿಗಳು) ರೇಟಿನಿಂದ ಭಾಗಿಸಿ, ಆ ಗ್ರಾಫನ್ನೂ ಪಕ್ಕದಲ್ಲೇ ಇಡಿ. ಯಾಕಂದ್ರೆ ಬಳಕೆಯ ಗ್ರಾಫ್ ತೋರಿಸುವುದು ನಿಮಿಷಗಳ ಸರಾಸರಿ. ಲಿನಕ್ಸ್ ಕರ್ನೆಲ್ ಲಿಮಿಟ್ ಲೆಕ್ಕ ಹಾಕುವುದು ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೊಮ್ಮೆ. ಲಿಮಿಟ್ ಅರ್ಧ ಕೋರ್ ಅಂದ್ರೆ ಪ್ರತಿ 100ರಲ್ಲಿ 50 ಮಿಲಿಸೆಕೆಂಡ್ ಮಾತ್ರ. ನಾಲ್ಕು ಥ್ರೆಡ್ ಒಟ್ಟಿಗೆ ಓಡಿದರೆ ಅದು 12.5 ಮಿಲಿಸೆಕೆಂಡಿನಲ್ಲೇ ಖಾಲಿ. ಉಳಿದ 87.5 ಮಿಲಿಸೆಕೆಂಡ್ ಪಾಡ್ ಸುಮ್ನೆ ಕಾಯುತ್ತದೆ, ಗ್ರಾಫಿನಲ್ಲಿ ಮಾತ್ರ 30% ಅಂತಲೇ ಇರಬಹುದು! ಜಾವಾ ಸರ್ವಿಸ್‌ಗಳಲ್ಲಿ ಇದನ್ನು ಖಂಡಿತ ನೋಡಿ, ಥ್ರೆಡ್ ಜಾಸ್ತಿ ಅಲ್ವಾ. ಸಿಪಿಯು ಲಿಮಿಟ್ ಹಾಕದ ಕಂಟೇನರ್‌ಗೆ ಈ ಮೆಟ್ರಿಕ್ ಬರುವುದೇ ಇಲ್ಲ. ಅಪರೂಪಕ್ಕೆ ಕೆಲಸ ಮಾಡುವ ಪಾಡ್‌ನಲ್ಲಿ ಪೀರಿಯಡ್‌ಗಳೇ ಕಡಿಮೆ, ಹಾಗಾಗಿ ಅನುಪಾತ ದೊಡ್ಡದಾಗಿ ಕಂಡರೂ ಗಾಬರಿ ಬೇಡ. ಇನ್ನು ಪಾಡ್ ಓಡುವ ಯಂತ್ರದಲ್ಲೇ, ಅಂದ್ರೆ ನೋಡ್‌ನಲ್ಲೇ, ಸಿಪಿಯು ಸಾಲದಿದ್ದರೆ ಥ್ರಾಟ್ಲಿಂಗ್ ಸೊನ್ನೆ ಇದ್ದೂ ಪಾಡ್ ನಿಧಾನ ಆಗುತ್ತದೆ. ಆಗ ಲಿಮಿಟ್ ಏರಿಸಿ ಪ್ರಯೋಜನ ಇಲ್ಲ, ರಿಕ್ವೆಸ್ಟ್ (ಪಾಡ್‌ಗೆ ಕಾಯ್ದಿರಿಸಲು ಕೇಳಿದ ಸಿಪಿಯು) ಸರಿಯಾಗಿದೆಯಾ ನೋಡಿ.