ಹತ್ತಿರದ ಪ್ಯಾಕೆಟ್ ಕೇಳದ ಐಗೇಟ್: ಸರಿಪಡಿಸಿದ ಬಗೆ

ಐಗೇಟ್ ಎಂದರೆ ಹವ್ಯಾಸಿ ರೇಡಿಯೋದ ಪ್ಯಾಕೆಟ್ (ಚಿಕ್ಕ ಡೇಟಾ ಸಂದೇಶ) ಕೇಳಿ ಇಂಟರ್ನೆಟ್‌ಗೆ ದಾಟಿಸುವ ನಿಲ್ದಾಣ. ನನ್ನದರ ಲಕ್ಷಣ ವಿಚಿತ್ರವಾಗಿತ್ತು. ಮೂವತ್ತು ಕಿಲೋಮೀಟರ್ ದೂರದ ಎಪಿಆರ್‌ಎಸ್ (ರೇಡಿಯೋದಲ್ಲಿ ಸ್ಥಳ, ಸಂದೇಶ ಕಳಿಸುವ ಪದ್ಧತಿ) ಟ್ರ್ಯಾಕರ್ ಡಿಕೋಡ್ ಆಗುತ್ತಿತ್ತು, ಪಕ್ಕದ ಬೀದಿಯ ಕಾರಿನದು ಮಾತ್ರ ಇಲ್ಲ. ಆಂಟೆನಾ ಮೇಲೆ ಅನುಮಾನಪಟ್ಟು ಒಂದು ದಿನ ದಂಡ.

ಸುಳಿವು, ಪ್ಯಾಕೆಟ್ ಡಿಕೋಡ್ ಮಾಡುವ ಸಾಫ್ಟ್‌ವೇರ್ ಡೈರ್‌ವುಲ್ಫ್‌ನ ಪರದೆಯಲ್ಲೇ ಇತ್ತು. ಪ್ರತಿ ಪ್ಯಾಕೆಟ್‌ನ ಮುಂದೆ ಅದು ಆಡಿಯೋ ಮಟ್ಟ ತೋರಿಸುತ್ತದೆ. ಅದು 50ರ ಆಸುಪಾಸು ಇರಬೇಕು. ಇಲ್ಲಿ 130 ದಾಟಿತ್ತು. ಹ್ಯಾಂಡಿಯ (ಕೈಯಲ್ಲಿ ಹಿಡಿಯುವ ರೇಡಿಯೋ) ಸ್ಪೀಕರ್ ಜ್ಯಾಕನ್ನು ನೇರ ಯುಎಸ್‌ಬಿ ಸೌಂಡ್ ಕಾರ್ಡಿನ ಮೈಕ್ ತೂತಿಗೆ ತುರುಕಿದ್ದೇ ಕಾರಣ. ಬಲವಾದ ಸಿಗ್ನಲ್ ಗದ್ದಲವಿಲ್ಲದೆ ಪೂರ್ತಿ ಜೋರಾಗಿ ಬರುತ್ತದೆ, ಅಲೆಯ ತುದಿ ಕತ್ತರಿಸಿಹೋಗಿ ಡೇಟಾ ಹೊತ್ತ 1200 ಮತ್ತು 2200 ಹರ್ಟ್ಸ್ ಸ್ವರಗಳು ಕಲಸುಮೇಲೋಗರ.

ಪರಿಹಾರ ಹೀಗೆ. ಆಡಿಯೋ ತಂತಿಯ ಸಾಲಿನಲ್ಲಿ 10 ಕಿಲೋಓಮ್, ಮೈಕ್ ಕಡೆ ನೆಲಕ್ಕೆ 1 ಕಿಲೋಓಮ್ ರೆಸಿಸ್ಟರ್: ವೋಲ್ಟೇಜ್ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯಿತು. ಈ ರೆಸಿಸ್ಟರ್ ಜೋಡಿಯ ಮತ್ತು ಮೈಕ್ ಜ್ಯಾಕಿನ ನಡುವೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಸೌಂಡ್ ಕಾರ್ಡ್ ಮೈಕ್‌ಗೆ ಕೊಡುವ ಡಿಸಿ ವೋಲ್ಟೇಜ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಆಲ್ಸಾಮಿಕ್ಸರ್‌ನಲ್ಲಿ (ಲಿನಕ್ಸ್‌ನ ಧ್ವನಿ ಹೊಂದಾಣಿಕೆ ಪ್ರೋಗ್ರಾಂ) ಆಟೋ ಗೇನ್ ಕಂಟ್ರೋಲ್, ಅಂದರೆ ಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆ, ಆಫ್. ಇದನ್ನು ಮರೆತರೆ ಬೇರೆಲ್ಲ ವ್ಯರ್ಥ. ರೇಡಿಯೋದ ವಾಲ್ಯೂಮ್ ತಿರುಗಿಸುತ್ತಾ 50ಕ್ಕೆ ತಂದು, ವಾಲ್ಯೂಮ್ ನಾಬ್‌ಗೆ ಟೇಪ್ ಸುತ್ತಿದೆ.

ಇನ್ನೂ ಎರಡು: ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ವ್ಯವಸ್ಥೆ) ಪೂರ್ತಿ ತೆರೆದಿಡಿ, ಬ್ಯಾಟರಿ ಸೇವ್ ಬಂದ್ ಮಾಡಿ. ಇಲ್ಲವಾದರೆ ರಿಸೀವರ್ ಎಚ್ಚರವಾಗುವಷ್ಟರಲ್ಲಿ ಪ್ಯಾಕೆಟ್‌ನ ತಲೆಯೇ ಹೋಗಿರುತ್ತದೆ. ಕಳಿಸುವಾಗಲೂ ಇದೇ ತೊಂದರೆ ಕಂಡರೆ ಟಿಎಕ್ಸ್‌ಡಿಲೇ (ಪ್ರಸಾರ ಶುರುವಾಗಿ ಡೇಟಾ ಹೊರಡುವ ಮೊದಲಿನ ಕಾಯುವಿಕೆ, ಒಂದೊಂದು ಎಣಿಕೆಗೂ 10 ಮಿಲಿಸೆಕೆಂಡ್) 30ರಿಂದ 40ಕ್ಕೆ ಏರಿಸಿ, ಅಂದರೆ 400 ಮಿಲಿಸೆಕೆಂಡ್.