ಲೇಔಟ್ ಬಂದ ಮೇಲೆ ಹಕ್ಕಿ ಉಳಿಯಿತಾ? ಲೆಕ್ಕ ಹಾಕುವುದು ಹೀಗೆ

ಚಿಕ್ಕಮಗಳೂರಿನಿಂದ ಯಾವ ದಿಕ್ಕಿಗೆ ಹೊರಟರೂ ತೋಟದ ಅಂಚಿನಲ್ಲಿ ಹೊಸ ಲೇಔಟ್‌ನದೋ ರೆಸಾರ್ಟ್‌ನದೋ ಬೋರ್ಡ್ ಸಿಗುತ್ತದೆ. ದೊಡ್ಡ ಯೋಜನೆಯಾದರೆ ಅನುಮತಿ ಪತ್ರದಲ್ಲಿ ಗಿಡ ನೆಡಿ, ಹಳ್ಳಕ್ಕೆ ಅಡ್ಡ ಕಟ್ಟಬೇಡಿ ಎಂಬ ಷರತ್ತುಗಳೂ ಇರುತ್ತವೆ. ಅವುಗಳಿಂದ ನಿಜಕ್ಕೂ ಏನಾದರೂ ಉಳಿಯಿತಾ? ‘ಸಾವಿರ ಸಸಿ ನೆಟ್ಟಿದ್ದೇವೆ’ ಅನ್ನುವುದು ಇದಕ್ಕೆ ಉತ್ತರವಲ್ಲ. ಪಂಚಾಯಿತಿ ಸದಸ್ಯರು, ಕಾಲೇಜು ಹುಡುಗರು, ಹಕ್ಕಿ ನೋಡುವ ಹವ್ಯಾಸದವರು ಸೇರಿದರೆ ಉತ್ತರವನ್ನು ತಾವೇ ಹುಡುಕಬಹುದು.

ಮೊದಲು ಕಾಗದ ತರಿಸಿ

ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಡಿ ಪರಿಸರ ಅನುಮತಿ ಬೇಕು. ಬರೀ ಜಾಗ ಅಭಿವೃದ್ಧಿ ಮಾಡುವ ಯೋಜನೆಗೆ 50 ಹೆಕ್ಟೇರ್ ಮಿತಿ. ಅಂದರೆ ಸುಮಾರು 123 ಎಕರೆ! ಮಲೆನಾಡಿನ ಸಣ್ಣ ಪುಟ್ಟ ಕಾಟೇಜು, ಹೋಮ್‌ಸ್ಟೇಗಳು ಈ ಬಲೆಗೆ ಬೀಳುವುದೇ ಇಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ದೊಡ್ಡ ತೂತು ಇದೇ.

ಅನುಮತಿ ಪಡೆದವರು ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಸಣ್ಣ ಯೋಜನೆಯಾದರೆ ಭೂ ಪರಿವರ್ತನೆ ಆದೇಶ ಮತ್ತು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕೊಟ್ಟ ಮರ ಕಡಿಯುವ ಅನುಮತಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ.

‘ಮೊದಲು’ ಹೇಗಿತ್ತು?

ಈ ಹಂತ ತಪ್ಪಿದರೆ ಮುಂದಿನದೆಲ್ಲ ಸುಮ್ನೆ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಗುರುತಿಸಿ. ಗೂಗಲ್ ಅರ್ತ್‌ನಲ್ಲಿ ಅದೇ ಜಾಗದ ಹಳೆಯ ಉಪಗ್ರಹ ಚಿತ್ರ ತೆರೆಯಿರಿ. ಎಲ್ಲಿ ಮರದ ನೆರಳಿತ್ತು, ಎಲ್ಲಿ ಹಡ್ಲು (ತಗ್ಗಿನ ಜೌಗು ನೆಲ), ಎಲ್ಲಿ ಹಳ್ಳ ಎಂಬುದು ವರ್ಷವಾರು ಕಾಣುತ್ತದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಊರಿನ ಗಿಡ, ಪ್ರಾಣಿ, ಹಕ್ಕಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಇರಬೇಕು. ಅದನ್ನೂ ಕೇಳಿ. ಆ ತೋಟದಲ್ಲಿ ಕೆಲಸ ಮಾಡಿದ ಹಿರಿಯರನ್ನೂ ಮಾತಾಡಿಸಿ.

ಎಷ್ಟೋ ಸಲ ಅರ್ಜಿ ಹಾಕುವ ಮೊದಲೇ ಜೆಸಿಬಿ ಬಂದು ಹೋಗಿರುತ್ತದೆ, ಅಲ್ವಾ? ಕಟ್ಟುವವರು ಜೀವವೈವಿಧ್ಯ ಹೆಚ್ಚಿಸಲೇಬೇಕು ಎನ್ನುವ ಇಂಗ್ಲೆಂಡಿನ ಕಾಯ್ದೆ ಈ ಚಾಲಾಕಿಗೆ ಒಂದು ಮದ್ದು ಹುಡುಕಿದೆ. 2020ರ ಜನವರಿ 30ರ ನಂತರ ಅನುಮತಿಯಿಲ್ಲದೆ ಜಾಗ ಹಾಳುಗೆಡವಿದ್ದರೆ, ಹಾಳಾಗುವ ಮುಂಚಿನ ಸ್ಥಿತಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನೀವೂ ಹಾಗೇ ಮಾಡಿ.

ಗಿಡ ಎಣಿಸಬೇಡಿ, ತೂಗಿ

ಇಂಗ್ಲೆಂಡಿನಲ್ಲಿ 2024ರ ಫೆಬ್ರವರಿ 12ರಿಂದ ದೊಡ್ಡ ಯೋಜನೆಗಳು ಮೊದಲಿದ್ದ ಜೀವವೈವಿಧ್ಯಕ್ಕಿಂತ 10 ಶೇಕಡ ಜಾಸ್ತಿ ತೋರಿಸಬೇಕು, 30 ವರ್ಷ ಕಾಪಾಡಬೇಕು. ಅವರ ಲೆಕ್ಕದಲ್ಲಿ ಬರೀ ವಿಸ್ತೀರ್ಣವಿಲ್ಲ. ಆ ನೆಲೆ ಎಷ್ಟು ಅಪರೂಪ, ಈಗ ಯಾವ ಸ್ಥಿತಿಯಲ್ಲಿದೆ, ಎಲ್ಲಿದೆ ಎಂಬುದನ್ನೂ ಗುಣಿಸುತ್ತಾರೆ.

ನಮ್ಮ ಪರಿಸರ ಅನುಮತಿಗಳಲ್ಲಿ ಸಾಮಾನ್ಯವಾಗಿ ಕಡಿದ ಒಂದು ಮರಕ್ಕೆ ಹತ್ತು ಸಸಿ ಎಂದಿರುತ್ತದೆ. ಹತ್ತು ಸಿಲ್ವರ್ ಓಕ್ ನೆಟ್ಟರೂ ಆ ಸಂಖ್ಯೆ ಸರಿಹೋಗುತ್ತದೆ. ಆದರೆ ಹಳೆಯ ಅತ್ತಿ ಮರ ಹಣ್ಣು ಬಿಟ್ಟಾಗ ಮಂಗಟ್ಟೆ, ಕುಟ್ರುಹಕ್ಕಿ, ಕೆಂಜಳಿಲು ಎಲ್ಲ ಅಲ್ಲೇ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಆ ಹಣ್ಣು ಎಲ್ಲಿಂದ ತರಬೇಕು? ಹಾಗಾಗಿ ನಿಮ್ಮ ಲೆಕ್ಕದ ಪಟ್ಟಿಯಲ್ಲಿ ಅತ್ತಿ, ಬಸರಿ, ನೇರಳೆ, ಹಲಸಿಗೆ ಹೆಚ್ಚು ಅಂಕ ಕೊಡಿ, ಹುಲ್ಲುಹಾಸು, ಅಲಂಕಾರದ ಪಾಮ್‌ಗಳಿಗೆ ತೀರಾ ಕಡಿಮೆ. ಮುಳ್ಳಯ್ಯನಗಿರಿ ಸುತ್ತಿನ ಹುಲ್ಲುಗಾವಲಿನಂಥ ಜಾಗದಲ್ಲಿ ಸಸಿ ನೆಟ್ಟರೆ ಅಂಕ ಕಳೆಯಿರಿ. ಅಲ್ಲಿ ಹುಲ್ಲೇ ಆಸ್ತಿ. ಬೆಟ್ಟದ ಕಣಿವೆಗಳ ಶೋಲಾ ಕಾಡು ಹೋಗಿದ್ದರೆ ಅಂಕದ ಮಾತೇ ಬೇಡ, ಅದಕ್ಕೆ ಬದಲಿ ಇಲ್ಲ. ಇಂಗ್ಲೆಂಡಿನಲ್ಲೂ ಪುರಾತನ ಕಾಡುಗಳನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದಾರೆ.

ಮೂರು ಜಾಗ ಹೋಲಿಸಿ

ಹಕ್ಕಿ ಕಡಿಮೆಯಾದರೆ ತಪ್ಪೆಲ್ಲ ರೆಸಾರ್ಟಿನದೇ ಎನ್ನಲಾಗದು. ಆ ವರ್ಷ ಮಳೆಯೇ ಕೈಕೊಟ್ಟಿರಬಹುದು. ಅದಕ್ಕೇ ಮೂರು ಜಾಗ ಬೇಕು: ಷರತ್ತು ಇದ್ದ ಯೋಜನೆ, ಷರತ್ತಿಲ್ಲದ ಅಷ್ಟೇ ದೊಡ್ಡ ಯೋಜನೆ, ಕಟ್ಟಡವೇ ಬರದ ಅಂಥದ್ದೇ ತೋಟ. ಉದಾಹರಣೆಗೆ, ಮೂರರಲ್ಲೂ ಮೊದಲು 40 ಜಾತಿ ಹಕ್ಕಿ ಇದ್ದವು ಅಂದುಕೊಳ್ಳಿ. ಈಗ ಕ್ರಮವಾಗಿ 30, 24, 36. ತೋಟದಲ್ಲೂ 4 ಹೋಗಿವೆ, ಅದು ಕಾಲದ ಆಟ. ಷರತ್ತು ಉಳಿಸಿದ್ದು 6. ಷರತ್ತು ಇದ್ದರೂ ಕಟ್ಟಡದಿಂದ ಹೋದದ್ದು ಇನ್ನೂ 6. ಈ ಎರಡು ಸಂಖ್ಯೆಗಳನ್ನೂ ಬರೆಯಿರಿ, ಒಂದನ್ನು ಮಾತ್ರ ಹೇಳುವವರನ್ನು ನಂಬಬೇಡಿ.

ಎಣಿಕೆ ಪ್ರತಿ ಸಲ ಅದೇ ತಿಂಗಳು, ಅದೇ ಹೊತ್ತಿನಲ್ಲಿ ಆಗಬೇಕು. ಹಕ್ಕಿಗೆ ಬೆಳಗಿನ ಜಾವ, ಕಪ್ಪೆಗೆ ಮಳೆಗಾಲದ ರಾತ್ರಿ.

ಎರಡು ಬೇಸಿಗೆ ಕಳೆಯಲಿ

ಸಸಿಗಳ ಹಣೆಬರಹ ಮಾರ್ಚ್‌-ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ. ಉಳಿದದ್ದು ಎಷ್ಟು, ಯಾವ ಜಾತಿ, ನೀರು ಹಾಕುವವರು ಯಾರು ಎಂದು ನೋಡಿ. ಇಂಗ್ಲೆಂಡಿನಲ್ಲಿ ಜೀವವೈವಿಧ್ಯ ಹೆಚ್ಚಿಸುವ ಈ ನಿಯಮವನ್ನು ಮುಂಚೆಯೇ ತಂದ ಪ್ರದೇಶಗಳ ಬಗ್ಗೆ 2021ರಲ್ಲಿ ಬಂದ ಅಧ್ಯಯನದಲ್ಲಿ ಒಂದು ಮಾತಿದೆ. ಕಾಗದದ ಮೇಲೆ ಲಾಭ ಕಂಡ ಯೋಜನೆಗಳಲ್ಲೂ ಹಸಿರು ನೆಲೆಯ ವಿಸ್ತೀರ್ಣ 34 ಶೇಕಡ ಇಳಿಯುತ್ತಿತ್ತು. ಬದಲಿಗೆ ಸಿಕ್ಕಿದ್ದು, ‘ಚಿಕ್ಕದಾದರೂ ಒಳ್ಳೆಯ ನೆಲೆಯನ್ನು ಮುಂದೆ ಮಾಡಿಕೊಡುತ್ತೇವೆ’ ಎಂಬ ಭರವಸೆ.

ಖರ್ಚನ್ನೂ ದಾಖಲಿಸಿ: ಸಸಿ, ನೀರು, ಮಾರದೆ ಬಿಟ್ಟ ಜಾಗ. ಇಲ್ಲದಿದ್ದರೆ ‘ಷರತ್ತಿನಿಂದ ಸೈಟಿನ ರೇಟು ಏರಿತು’ ಎಂಬ ಮಾತಿಗೆ ನಿಮ್ಮಲ್ಲಿ ಉತ್ತರವಿರದು.

ವರದಿ ಎರಡೇ ಪುಟ ಇರಲಿ, ಜೊತೆಗೆ ಹಳೆಯ-ಹೊಸ ಚಿತ್ರ ಮತ್ತು ಜಾತಿಗಳ ಪಟ್ಟಿ. ಒಂದು ಪ್ರತಿ ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ, ಇನ್ನೊಂದು ಕರ್ನಾಟಕ ಜೀವವೈವಿಧ್ಯ ಮಂಡಳಿಗೆ. ಪರಿಸರ ಅನುಮತಿಯ ಷರತ್ತು ಮುರಿದಿದ್ದರೆ ರಾಜ್ಯ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಕ್ಕೂ ಕಳಿಸಿ, ಸ್ವೀಕೃತಿ ಪಡೆಯಿರಿ.