ಎಂಬೆಡೆಡ್ ಕಲಿಯೋಕೆ ಒಂದು ಎಲ್‌ಇಡಿ, ಒಂದು ಬಟನ್ ಸಾಕು

ಎಂಬೆಡೆಡ್ ಅಂದರೆ ಯಂತ್ರದೊಳಗೇ ಕೂತು ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್‌ಗಳ ಕೆಲಸ. ಎಲೆಕ್ಟ್ರಾನಿಕ್ಸ್ ಕೋರ್ಸ್ ಸೇರಿದ ಕೂಡಲೇ ಎಲ್ಲರಿಗೂ ರೋಬೋಟ್ ಮಾಡುವ ಆತುರ. ಯಾರದ್ದೋ ಕೋಡ್ ಹಾಕಿದರೆ ಓಡುತ್ತದೆ, ಸರಿ. ನಿಂತುಹೋದಾಗ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ಮೊದಲು ಒಂದು ಎಲ್‌ಇಡಿ, ಒಂದು ಬಟನ್ ಇಟ್ಟುಕೊಂಡು ಪೂರ್ತಿ ಅರ್ಥವಾಗುವವರೆಗೆ ಕೆದಕಿ.

ಎಲ್‌ಇಡಿ ಬೇಗ ಮುಗಿಯುತ್ತದೆ. ಆರ್ಡುಯಿನೊ ಊನೊ (ಆರ್3) ಅನ್ನುವ ಕಲಿಕೆಯ ಬೋರ್ಡ್‌ನ ಪಿನ್ ಕೊಡುವುದು 5 ವೋಲ್ಟ್, ಕೆಂಪು ಎಲ್‌ಇಡಿಗೆ ಹೋಗುವುದು ಸುಮಾರು 2, ಉಳಿದ 3 ವೋಲ್ಟನ್ನು ರೆಸಿಸ್ಟರ್‌ನ 330 ಓಮ್‌ನಿಂದ ಭಾಗಿಸಿದರೆ ಸುಮಾರು 9 ಮಿಲಿಆಂಪ್. ಈಗ ಮಲ್ಟಿಮೀಟರ್ ಹಿಡಿದು ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಅಳೆಯಿರಿ. ಲೆಕ್ಕ ಸ್ವಲ್ಪ ತಪ್ಪಿರುತ್ತದೆ. ಯಾಕೆ ಅಂತ ಡೇಟಾಶೀಟ್‌ನಲ್ಲಿ, ಅಂದರೆ ತಯಾರಕರು ಕೊಡುವ ವಿವರ ಪತ್ರದಲ್ಲಿ, ಹುಡುಕಿ. ಊನೊದ ಮುಖ್ಯ ಚಿಪ್‌ನ ಡೇಟಾಶೀಟ್‌ನಲ್ಲಿ ಒಂದು ಪಿನ್‌ಗೆ 40 ಮಿಲಿಆಂಪ್ ಅಂತ ಕಾಣುತ್ತದೆ, ಅದು ಚಿಪ್ ಹಾಳಾಗದಿರಲು ದಾಟಬಾರದ ಗಡಿ, ದಿನಾ ಅಷ್ಟು ಎಳೆಯಿರಿ ಅಂತಲ್ಲ.

ನಿಜವಾದ ಪಾಠ ಬಟನ್‌ದು. ಪಿನ್‌ಗೂ ಗ್ರೌಂಡ್‌ಗೂ ನಡುವೆ ಬಟನ್ ಒಂದನ್ನೇ ಹಾಕಿ ಓದಿ ನೋಡಿ: ಒತ್ತದೇ ಇದ್ದಾಗ ಪಿನ್‌ಗೆ ಯಾವ ಆಧಾರವೂ ಇಲ್ಲ, ಕೈ ಹತ್ತಿರ ತಂದರೂ ಸಾಕು ಸುಮ್ನೆ 0, 1 ಅಂತ ಕುಣಿಯುತ್ತದೆ. ಪುಲ್‌ಅಪ್, ಅಂದರೆ ಪಿನ್ನನ್ನು 5 ವೋಲ್ಟ್ ಕಡೆ ಎಳೆದು ಹಿಡಿಯುವ ರೆಸಿಸ್ಟರ್, ಬೇಕಾಗುವುದು ಇಲ್ಲೇ. ಚಿಪ್ ಒಳಗೇ 20ರಿಂದ 50 ಕಿಲೋಓಮ್‌ನ ಪುಲ್‌ಅಪ್ ಇದೆ, ಆನ್ ಮಾಡಿದರಾಯಿತು. ಆದರೆ ಈಗ ಒತ್ತಿದರೆ 0, ಬಿಟ್ಟರೆ 1. ಈ ತಲೆಕೆಳಗು ಲಾಜಿಕ್‌ಗೆ ಬೇಗ ಒಗ್ಗಿಕೊಳ್ಳಿ, ಮುಂದೆ ಎಲ್ಲಾ ಕಡೆ ಸಿಗುತ್ತದೆ.

ಮುಂದಿನದು ಎಷ್ಟು ಸಲ ಒತ್ತಿದಿರಿ ಅನ್ನುವ ಎಣಿಕೆ. ಒಂದೇ ಸಲ ಒತ್ತಿದರೂ ಕೌಂಟ್ ಮೂರೋ ನಾಲ್ಕೋ ಏರಬಹುದು, ಯಾಕೆಂದರೆ ಬಟನ್ ಒಳಗಿನ ಲೋಹದ ತಗಡು ಒಂದೆರಡು ಮಿಲಿಸೆಕೆಂಡ್, ಕೆಲವೊಮ್ಮೆ ಜಾಸ್ತಿಯೇ, ಪುಟಿದು ಆಮೇಲೆ ನಿಲ್ಲುತ್ತದೆ. ಲ್ಯಾಬ್‌ನಲ್ಲಿ ವೋಲ್ಟೇಜ್ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಖಾಲಿ ಇದ್ದರೆ, ಒಂದೇ ಸಲ ಹಿಡಿದು ನಿಲ್ಲಿಸುವ ಸಿಂಗಲ್ ಟ್ರಿಗರ್ ಇಟ್ಟು ಇದನ್ನು ಕಣ್ಣಾರೆ ನೋಡಿ. ಆಮೇಲೆ ಕೋಡ್‌ನಲ್ಲಿ 20 ಮಿಲಿಸೆಕೆಂಡ್ ಕಾದು ಮತ್ತೆ ಓದುವುದನ್ನು ಬರೆಯಿರಿ.

ಅದೇ ಬಟನ್ನನ್ನು ಇಂಟರಪ್ಟ್‌ಗೆ, ಅಂದರೆ ನಡೆಯುತ್ತಿರುವ ಕೋಡನ್ನು ತಡೆದು ಬೇರೆ ತುಣುಕನ್ನು ಓಡಿಸುವ ವ್ಯವಸ್ಥೆಗೆ, ಹಾಕಿ. ಇಂಟರಪ್ಟ್ ಬದಲಿಸುವ ವೇರಿಯಬಲ್‌ಗೆ ವೊಲಟೈಲ್ ಅನ್ನುವ ಪದ ಸೇರಿಸದಿದ್ದರೆ ಕಂಪೈಲರ್ ಹಳೆಯ ಬೆಲೆಯನ್ನೇ ಇಟ್ಟುಕೊಂಡು ಕೂರಬಹುದು, ಮೇನ್ ಲೂಪ್‌ಗೆ ಬದಲಾವಣೆ ಕಾಣುವುದೇ ಇಲ್ಲ. ಕೊನೆಗೆ ಲೈಬ್ರರಿ ಬಿಟ್ಟು, ಪಿನ್‌ಗಳನ್ನು ನಡೆಸುವ ಚಿಪ್ ಒಳಗಿನ ಜಾಗವಾದ ರಿಜಿಸ್ಟರ್‌ಗೆ ನೇರ ಬರೆಯಿರಿ. ಊನೊದ 13ನೇ ಪಿನ್ ಅಂದರೆ ಪೋರ್ಟ್ ಬಿ ಅನ್ನುವ ಪಿನ್‌ಗಳ ಗುಂಪಿನ 5ನೇ ಬಿಟ್ (ಎಣಿಕೆ 0ರಿಂದ). ಉಳಿದ ಏಳು ಬಿಟ್ ಕದಲದಂತೆ ಅದೊಂದನ್ನೇ ಬದಲಿಸಲು ಬಂತೆಂದರೆ ಸಿ ಭಾಷೆಯ ಬಿಟ್ ಆಪರೇಟರ್‌ಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿಷಯವಾಗಿ ಉಳಿಯುವುದಿಲ್ಲ.

ಏನೇ ಕೆಟ್ಟರೂ ಕೋಡ್ ತೆರೆಯುವ ಮೊದಲು ಮೀಟರ್ ತೆಗೆಯಿರಿ: ಮೊದಲು ಚಿಪ್‌ನ ಕಾಲಿನಲ್ಲೇ ಸಪ್ಲೈ ನೋಡಿ, ಆಮೇಲೆ ಗ್ರೌಂಡ್, ಆಮೇಲೆ ಸಿಗ್ನಲ್. ಎರಡು ಬೋರ್ಡ್ ಜೋಡಿಸಿದ್ದರೆ ಎರಡರ ಗ್ರೌಂಡೂ ಸೇರಿದೆಯಾ ನೋಡಿ, ತುಂಬಾ ಸಲ ಅಲ್ಲೇ ಸಿಕ್ಕಿಬಿಡುತ್ತದೆ.